ಕಾಲೇಜು ನೋಡಲು ಹೋಗಬೇಕಾ? ಹೋದರೆ ಏನು ನೋಡಬೇಕು?

ಪ್ರಶ್ನೆ: ನಾವು ರಾಣೆಬೆನ್ನೂರು ತಾಲ್ಲೂಕಿನವರು. ಮಗಳು ಸೈನ್ಸ್‌ನಲ್ಲಿ ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಾಳೆ. ಎಂಜಿನಿಯರಿಂಗ್ ಓದುವ ಆಸೆ. ನಮ್ಮ ಮನೆಯಲ್ಲಿ ಇಷ್ಟು ಓದುತ್ತಿರುವವಳು ಇವಳೇ ಮೊದಲು. ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದಕ್ಕೆ, ಮುಂಚೆ ಕಾಲೇಜುಗಳನ್ನು ಕಣ್ಣಾರೆ ನೋಡಿಕೊಂಡು ಬನ್ನಿ ಅಂತ ಕೆಲವರು ಹೇಳುತ್ತಾರೆ. ಎಲ್ಲಾ ವೆಬ್‌ಸೈಟ್‌ನಲ್ಲೇ ಇದೆ, ಸುಮ್ನೆ ದುಡ್ಡು ದಂಡ ಅಂತ ಇನ್ನು ಕೆಲವರು. ಬೆಂಗಳೂರಿಗೆ ಹೋಗಿ ಬರಲು ಎರಡು ದಿನ ಬೇಕು. ಗೋವಿನಜೋಳದ ಬಿತ್ತನೆ ಹೊತ್ತು ಬೇರೆ. ನಿಜವಾಗಿಯೂ ಹೋಗಬೇಕಾ? ಹೋದರೆ ಏನು ನೋಡಬೇಕು, ಏನು ಕೇಳಬೇಕು? ಮಗಳ ತಾಯಿಯೂ ಬರಬೇಕಾ?

ಉತ್ತರ:

ಹೋಗಿ ಬನ್ನಿ. ಆದರೆ ಈಗಲೇ ಬೇಡ, ಎಲ್ಲಾ ಕಾಲೇಜಿಗೂ ಬೇಡ. ರ‍್ಯಾಂಕ್ ಬಂದ ಮೇಲೆ, ಮೂರೇ ಮೂರು ಕಾಲೇಜಿಗೆ, ಕೆಲಸದ ದಿನ ನೋಡಿಕೊಂಡು ಹೋಗಿ. ನಿಮ್ಮ ಕೊನೆಯ ಪ್ರಶ್ನೆಗೆ ಕೊನೆಯಲ್ಲೇ ಬರುತ್ತೇನೆ, ಅದು ನೀವು ಅಂದುಕೊಂಡಿದ್ದಕ್ಕಿಂತ ದೊಡ್ಡ ಪ್ರಶ್ನೆ.

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವನು. ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ಮಕ್ಕಳನ್ನು, ಅವರ ಅಪ್ಪ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಪ್ಷನ್ ಎಂಟ್ರಿ ಮಾಡಿಸುತ್ತಾ ಬಂದಿದ್ದೇನೆ. ಆರು ತಿಂಗಳಾದ ಮೇಲೆ ಅದೇ ಮಕ್ಕಳು ಸಂಕ್ರಾಂತಿಗೋ ದೀಪಾವಳಿಗೋ ಊರಿಗೆ ಬಂದಾಗ ಮಾತಾಡಿಸಿಕೊಂಡು ಹೋಗುತ್ತಾರೆ. ಅವರ ಬಾಯಲ್ಲಿ ಒಂದು ಮಾತನ್ನು ಎಷ್ಟು ಸಲ ಕೇಳಿದ್ದೇನೋ: "ಸರ್, ಒಂದ್ಸಲ ಹೋಗಿ ನೋಡಿದ್ದರೆ ಆ ಕಾಲೇಜನ್ನ ಲಿಸ್ಟ್‌ನಲ್ಲಿ ಕೆಳಗೆ ಹಾಕ್ತಿದ್ದೆ."

ಲಿಸ್ಟ್‌ನಲ್ಲಿ ಕೆಳಗೆ. ಕಾಲೇಜು ನೋಡಿಬರುವ ಕೆಲಸದ ಬೆಲೆ ಆ ಎರಡು ಪದದಲ್ಲೇ ಇದೆ. ಅದು ಹೇಗೆ ಅಂತ ಮೊದಲು ಬಿಡಿಸಿ ಹೇಳುತ್ತೇನೆ.

ಸಿಇಟಿ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಅರ್ಧ ಸಿಇಟಿ ಅಂಕ, ಅರ್ಧ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ. ಆ ರ‍್ಯಾಂಕ್ ಕೈಗೆ ಬಂದ ದಿನವೇ ನಿಮಗೆ ಯಾವ ಕಾಲೇಜು ಸಿಗಬಹುದು, ಯಾವುದು ಸಿಗುವುದಿಲ್ಲ ಅನ್ನುವುದು ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಹಿಂದಿನ ವರ್ಷಗಳ ಕಟಾಫ್, ಅಂದರೆ ಕೊನೆಯ ಸೀಟು ಸಿಕ್ಕ, ರ‍್ಯಾಂಕ್‌ಗಳನ್ನು ಕಾಲೇಜು, ಬ್ರಾಂಚ್, ಕೆಟಗರಿ ಪ್ರಕಾರ ತನ್ನ ವೆಬ್‌ಸೈಟ್‌ನಲ್ಲಿ ಹಾಕಿರುತ್ತದೆ. ನಿಮ್ಮ ಕೆಟಗರಿಯ ಸಾಲನ್ನೇ ನೋಡಿ. ಮಗಳು ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿದ್ದರೆ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೆ ಬೇರೆ ಸಾಲು ಇರುತ್ತದೆ. ಗ್ರಾಮೀಣಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಸೀಟು. ಕೆಟಗರಿ ಕೋಡ್‌ನ ಕೊನೆಯಲ್ಲಿ ಆರ್ ಅಥವಾ ಕೆ ಅಕ್ಷರ ಇರುವ ಕಡೆ ನೋಡಬೇಕು. ಇದನ್ನು ಬಿಟ್ಟು ಜನರಲ್ ಮೆರಿಟ್ ಸಾಲು ನೋಡಿ, ಅಯ್ಯೋ ನಮಗೆ ಸಿಗಲ್ಲ ಅಂತ ಕೈ ಬಿಟ್ಟವರನ್ನು ಕಂಡಿದ್ದೇನೆ.

ಹೀಗೆ ನೋಡಿದರೆ ಹದಿನೈದು ಇಪ್ಪತ್ತು ಕಾಲೇಜುಗಳ ಪಟ್ಟಿ ಬರುತ್ತದೆ. ಮೇಲಿನ ಕೆಲವು, ಸಿಕ್ಕರೆ ಪುಣ್ಯ ಅನ್ನುವಂಥವು. ಕೆಳಗಿನ ಕೆಲವು ಖಂಡಿತ ಸಿಗುವಂಥವು. ನಡುವೆ ನಾಲ್ಕೈದು ಕಾಲೇಜು ಇರುತ್ತವೆ. ಕಟಾಫ್ ಅಕ್ಕಪಕ್ಕ, ಫೀಸೂ ಅಕ್ಕಪಕ್ಕ, ಹೆಸರೂ ಅಷ್ಟಕ್ಕಷ್ಟೇ. ಕಾಗದದ ಮೇಲೆ ಎಷ್ಟು ತಿಣುಕಿದರೂ ಯಾವುದು ಮೇಲೆ, ಯಾವುದು ಕೆಳಗೆ ಅಂತ ಹೇಳಲು ಆಗುವುದಿಲ್ಲ. ನಿಮ್ಮ ಮಗಳಿಗೆ ಸೀಟು ಸಿಗುವುದು ಬಹುಪಾಲು ಇಲ್ಲೇ.

ಕೆಇಎ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದೆ. ನಿಮ್ಮ ರ‍್ಯಾಂಕ್‌ಗೆ ಮೊದಲು ಯಾವುದು ಖಾಲಿ ಇದೆಯೋ ಅದನ್ನು ಕೊಡುತ್ತದೆ. ಅದರ ಕೆಳಗಿನವನ್ನು ನೋಡುವುದೇ ಇಲ್ಲ. ಹಾಗಾಗಿ ಐದನೇ ಜಾಗದಲ್ಲಿ ಯಾವ ಕಾಲೇಜು, ಎಂಟನೇ ಜಾಗದಲ್ಲಿ ಯಾವ ಕಾಲೇಜು ಅನ್ನುವುದು ಸಣ್ಣ ಮಾತಲ್ಲ. ನಾಲ್ಕು ವರ್ಷ ಅವಳು ಎಲ್ಲಿ ಏಳುತ್ತಾಳೆ, ಎಲ್ಲಿ ಕೂತು ಓದುತ್ತಾಳೆ, ಯಾರ ಜೊತೆ ಊಟ ಮಾಡುತ್ತಾಳೆ ಅನ್ನುವುದೆಲ್ಲ ಆ ಅಂಕಿಯ ಮೇಲೆ ನಿಂತಿದೆ. ಈ ನಡುವಿನ ಕಾಲೇಜುಗಳನ್ನೇ ಹೋಗಿ ನೋಡಬೇಕು. ಮೇಲಿನವು ಸಿಕ್ಕಾಗ ನೋಡಿದರಾಯಿತು. ಕೆಳಗಿನವು ಬೇಕಾಗುವ ಪ್ರಸಂಗ ಬಂದರೆ ಆಗ ನೋಡೋಣ.

ಬಸ್ಸು ಹತ್ತುವ ಮೊದಲು ಮನೆಯಲ್ಲೇ ಮಾಡಬೇಕಾದ ಕೆಲಸ ಸ್ವಲ್ಪ ಇದೆ. ವೆಬ್‌ಸೈಟ್‌ನಲ್ಲಿ ಎಲ್ಲಾ ಇದೆ ಅನ್ನುವವರ ಮಾತು ಪೂರ್ತಿ ಸುಳ್ಳಲ್ಲ. ಎಲ್ಲಿ ನೋಡಬೇಕು ಅಂತ ಗೊತ್ತಿರಬೇಕು ಅಷ್ಟೇ. ಮೊದಲ ಪುಟದ ಫೋಟೋ, "ಅತಿ ಹೆಚ್ಚು ಪ್ಯಾಕೇಜ್ ಇಷ್ಟು ಲಕ್ಷ" ಅನ್ನುವ ದೊಡ್ಡ ಅಕ್ಷರ, ಇವೆರಡನ್ನೂ ಬಿಟ್ಟುಬಿಡಿ. ಆ ಪ್ಯಾಕೇಜ್ ಒಬ್ಬ ಹುಡುಗನಿಗೋ ಹುಡುಗಿಗೋ ಸಿಕ್ಕಿದ್ದು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕ 2016ರಿಂದ ಬರುತ್ತಿದೆ. ಅದರಲ್ಲಿ ಭಾಗವಹಿಸುವ ಕಾಲೇಜುಗಳು ತಾವು ಕೊಟ್ಟ ಲೆಕ್ಕವನ್ನು ತಮ್ಮ ವೆಬ್‌ಸೈಟ್‌ನಲ್ಲಿ ಪಿಡಿಎಫ್ ಮಾಡಿ ಹಾಕಬೇಕು. ಆ ಕಾಲೇಜಿಗೆ ಶ್ರೇಯಾಂಕ ಸಿಗದಿದ್ದರೂ ಲೆಕ್ಕ ಸಿಗುತ್ತದೆ. ಅದರಲ್ಲಿ ಎಷ್ಟು ಮಕ್ಕಳು ಸೇರಿದರು, ಎಷ್ಟು ಮಕ್ಕಳು ನಾಲ್ಕೇ ವರ್ಷದಲ್ಲಿ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಅವರ ಮೀಡಿಯನ್ ಸಂಬಳ ಎಷ್ಟು ಅಂತ ಬರೆದಿರುತ್ತದೆ. ಮೀಡಿಯನ್ ಅಂದರೆ ಕೆಲಸ ಸಿಕ್ಕಿದವರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಬಳ. ನಿಮಗೆ ಬೇಕಾದದ್ದು ಅದು.

ಎನ್‌ಬಿಎ ಅನ್ನುವ ರಾಷ್ಟ್ರೀಯ ಮಾನ್ಯತಾ ಮಂಡಳಿ ಗುಣಮಟ್ಟದ ಮಾನ್ಯತೆಯನ್ನು ಬ್ರಾಂಚ್ ಬ್ರಾಂಚ್‌ಗೆ ಬೇರೆ ಬೇರೆ ಕೊಡುತ್ತದೆ, ಅದಕ್ಕೆ ಅವಧಿಯೂ ಇರುತ್ತದೆ. ಕಾಲೇಜಿನ ಮೆಕ್ಯಾನಿಕಲ್‌ಗೆ ಇದೆ ಅಂದರೆ ಹೊಸದಾಗಿ ಶುರುವಾದ ಎಐ ಬ್ರಾಂಚ್‌ಗೂ ಇದೆ ಅಂತಲ್ಲ. ನ್ಯಾಕ್ ಅನ್ನುವ ಇನ್ನೊಂದು ಸಂಸ್ಥೆ ಕೊಡುವ ಗ್ರೇಡ್ ಇಡೀ ಕಾಲೇಜಿಗೆ ಸೇರಿದ್ದು. ಇವೆರಡನ್ನೂ ಒಂದೇ ಅಂದುಕೊಳ್ಳಬೇಡಿ.

ಇನ್ನೊಂದು ಕಾಗದವನ್ನು ಮಾತ್ರ ತಪ್ಪದೆ ಪ್ರಿಂಟ್ ತೆಗೆಸಿಕೊಳ್ಳಿ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ನಿಯಮದ ಪ್ರಕಾರ ಪ್ರತಿ ಕಾಲೇಜೂ ಕಡ್ಡಾಯವಾಗಿ ಕೆಲವು ವಿವರಗಳನ್ನು ಪ್ರಕಟಿಸಬೇಕು. ಮ್ಯಾಂಡೇಟರಿ ಡಿಸ್‌ಕ್ಲೋಷರ್ ಅಂತ ವೆಬ್‌ಸೈಟ್‌ನ ಯಾವುದಾದರೂ ಮೂಲೆಯಲ್ಲಿ ಇರುತ್ತದೆ. ಅದರಲ್ಲಿ ಬ್ರಾಂಚ್‌ವಾರು ಸೀಟಿನ ಸಂಖ್ಯೆ, ಅಧ್ಯಾಪಕರ ಹೆಸರು ಇರುತ್ತವೆ. ನಿಮ್ಮ ಮಗಳು ಬಯಸುವ ಬ್ರಾಂಚ್‌ನ ಅಧ್ಯಾಪಕರ ಪಟ್ಟಿ ಜೇಬಿನಲ್ಲಿ ಇಟ್ಟುಕೊಳ್ಳಿ. ಅದರ ಉಪಯೋಗ ಆಮೇಲೆ ಹೇಳುತ್ತೇನೆ.

ಇಷ್ಟಾದ ಮೇಲೆ ಹೊರಡಬಹುದು. ಆದರೆ ಮೊದಲ ಪ್ರಯಾಣ ಬೆಂಗಳೂರಿಗೆ ಬೇಡ. ನಿಮ್ಮ ಹತ್ತಿರ ಹಾವೇರಿಯ ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ದಾವಣಗೆರೆಯಲ್ಲಿ 1951ರ ಯುಬಿಡಿಟಿ ಇದೆ, 1979ರ ಬಿಐಇಟಿ ಇದೆ. ಒಂದು ಬೆಳಿಗ್ಗೆ ದಾವಣಗೆರೆಗೆ ಹೋಗಿ ಒಂದು ಕಾಲೇಜು ನೋಡಿಕೊಂಡು ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು. ಅಲ್ಲಿ ಸೇರಲೇಬೇಕು ಅಂತಲ್ಲ, ಸೇರಬಾರದು ಅಂತಲೂ ಅಲ್ಲ. ಎಂಜಿನಿಯರಿಂಗ್ ಕಾಲೇಜಿನ ಒಳಗೆ ಕಾಲಿಟ್ಟು ಒಂದು ಸಲ ಅಭ್ಯಾಸ ಆಗಲಿ ಅಂತ. ಲ್ಯಾಬ್ ಅಂದರೆ ಹೇಗಿರುತ್ತದೆ, ಡಿಪಾರ್ಟ್‌ಮೆಂಟ್ ಅಂದರೆ ಏನು, ಸೀನಿಯರ್‌ಗಳನ್ನು ಹೇಗೆ ಮಾತಾಡಿಸಬೇಕು ಅಂತ ಗೊತ್ತಾದರೆ ಬೆಂಗಳೂರಿನಲ್ಲಿ ಎರಡು ದಿನ ವ್ಯರ್ಥವಾಗುವುದಿಲ್ಲ. ಮೊದಲ ಕಾಲೇಜು ನೋಡಿದಾಗ ಎಲ್ಲವೂ ದೊಡ್ಡದಾಗೇ ಕಾಣುತ್ತದೆ. ಹೋಲಿಸಲು ಒಂದು ಇದ್ದರೆ ಎರಡನೆಯದರ ತೂಕ ಗೊತ್ತಾಗುತ್ತದೆ.

ಈಗ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ಮಾತೊಂದು. ಕಾಲೇಜಿನ ಗೇಟಿನವರೆಗೆ ಹೋಗಿ ವಾಪಸ್ ಬಂದ ಅಪ್ಪಂದಿರನ್ನು ನಾನು ಬಲ್ಲೆ. ಸೆಕ್ಯೂರಿಟಿಯವನು ಯಾರು, ಏನು ಅಂತ ಗದರಿದ. ಒಳಗೆ ರಿಸೆಪ್ಷನ್‌ನಲ್ಲಿ ಇಂಗ್ಲಿಷ್‌ನಲ್ಲಿ ಮಾತಾಡಿದರು. ಇವರು ಸುಮ್ನೆ ಒಂದು ಬ್ರೋಷರ್ ಇಸ್ಕೊಂಡು ಬಂದುಬಿಟ್ಟರು. ನೀವು ಹಾಗೆ ಮಾಡಬೇಡಿ. ಗೇಟಿನಲ್ಲಿ ಕನ್ನಡದಲ್ಲೇ ಗಟ್ಟಿಯಾಗಿ ಹೇಳಿ: "ಮಗಳಿಗೆ ಸಿಇಟಿ ರ‍್ಯಾಂಕ್ ಬಂದಿದೆ, ಕಾಲೇಜು ನೋಡೋಕೆ ಬಂದಿದ್ದೀವಿ, ಇಂಥ ಡಿಪಾರ್ಟ್‌ಮೆಂಟ್‌ಗೆ ಹೋಗಬೇಕು." ರಿಜಿಸ್ಟರ್‌ನಲ್ಲಿ ಹೆಸರು ಬರೆದು ಒಳಗೆ ಹೋಗಿ. ಹಾಲ್ ಟಿಕೆಟ್, ರ‍್ಯಾಂಕ್ ಕಾಗದದ ಜೆರಾಕ್ಸ್ ಮಗಳ ಕೈಯಲ್ಲಿರಲಿ. ಹಿಂದಿನ ದಿನ ಫೋನ್ ಮಾಡಿ, ಕ್ಲಾಸ್ ನಡೆಯುತ್ತಿದೆಯಾ, ಯಾವಾಗ ಬಂದರೆ ನೋಡಬಹುದು ಅಂತ ಕೇಳಿದ್ದರೆ ಇನ್ನೂ ಸಲೀಸು. ಇಷ್ಟು ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡದ ಕಾಲೇಜು ನಾಳೆ ಮಗಳಿಗೆ ಜ್ವರ ಬಂದು ನೀವು ಗಾಬರಿಯಾಗಿ ಫೋನ್ ಮಾಡಿದಾಗ ಹೇಗೆ ಮಾತಾಡೀತು ಅಂತ ಒಂದು ಅಂದಾಜು ಸಿಗುತ್ತದೆ ಅಲ್ವಾ? ಅದನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ.

ಫೋನ್ ಮಾಡಿ ಅಂತ ಹೇಳಿದ್ದಕ್ಕೆ ಇನ್ನೊಂದು ಕಾರಣ ಇದೆ. ಸಿಇಟಿ ಫಲಿತಾಂಶದ ಹೊತ್ತಿಗೆ ಕಾಲೇಜುಗಳಲ್ಲಿ ಸೆಮಿಸ್ಟರ್ ಪರೀಕ್ಷೆಯೋ ರಜೆಯೋ ಇರಬಹುದು. ಖಾಲಿ ಕಾಲೇಜು ನೋಡಿದರೆ ಖಾಲಿ ಕಟ್ಟಡ ನೋಡಿದ ಹಾಗೆ. ಮಕ್ಕಳು ಓಡಾಡುತ್ತಿರುವ ದಿನ ಸಿಗದಿದ್ದರೆ ಲ್ಯಾಬ್ ಪರೀಕ್ಷೆ ನಡೆಯುತ್ತಿರುವ ದಿನವಾದರೂ ಹೋಗಿ. ಒಳಗೆ ಬಿಡದಿದ್ದರೂ ಹೊರಗೆ ಮಕ್ಕಳಂತೂ ಸಿಗುತ್ತಾರೆ. ಭಾನುವಾರ ಮಾತ್ರ ಬೇಡ. ಕಾಲೇಜಿನವರೇ ಕರೆಯುವ ಓಪನ್ ಹೌಸ್ ಥರದ ದಿನವೂ ನನಗೆ ಅಷ್ಟು ಇಷ್ಟವಾಗುವುದಿಲ್ಲ. ಅವತ್ತು ಅವರು ತೋರಿಸಬೇಕು ಅಂದುಕೊಂಡಿದ್ದನ್ನೇ ನಾವು ನೋಡುತ್ತೇವೆ.

ಭಾನುವಾರದ ಕಥೆ ನಮ್ಮ ಮನೆಯದ್ದೇ ಇದೆ. ನನ್ನ ಅಣ್ಣನ ಮಗಳಿಗೆ ಕಾಲೇಜು ನೋಡಲು ನಾನೇ ಜೊತೆಗೆ ಹೋಗಿದ್ದೆ. ನನಗೆ ಬಿಡುವು ಇದ್ದದ್ದು ಭಾನುವಾರ. ಹೆಸರು ಬೇಡ, ಬೆಂಗಳೂರಿನ ಹೊರವಲಯದ ಒಂದು ಕಾಲೇಜು. ಹಸಿರು ಹುಲ್ಲು, ಗಾಜಿನ ಕಟ್ಟಡ, ಎರಡು ಸಾಲು ಗುಲ್‌ಮೊಹರ್. ಹುಡುಗಿ ಮನಸೋತಳು, ನಾನೂ ಸೋತೆ. ಮೇಲೆ ಹಾಕಿದೆವು, ಸೀಟು ಸಿಕ್ಕಿತು. ಸೇರಿದ ಮೇಲೆ ಗೊತ್ತಾಯಿತು, ಹೆಣ್ಣುಮಕ್ಕಳ ಹಾಸ್ಟೆಲ್ ಕ್ಯಾಂಪಸ್ಸಿನಲ್ಲಿ ಇಲ್ಲ, ಬೇರೆ ಕಡೆ ಬಾಡಿಗೆ ಕಟ್ಟಡದಲ್ಲಿದೆ. ಕಾಲೇಜು ಬಸ್ಸು ಸಂಜೆ ಒಂದೇ ಟ್ರಿಪ್. ಲ್ಯಾಬ್ ಸ್ವಲ್ಪ ತಡವಾದರೆ ಬಸ್ಸು ಹೋಗಿರುತ್ತಿತ್ತು. ಮುಖ್ಯರಸ್ತೆಯವರೆಗೆ ಬೀದಿದೀಪ ಇಲ್ಲದ ದಾರಿಯಲ್ಲಿ ನಡೆಯಬೇಕಿತ್ತು. ಲೈಬ್ರರಿ ರಾತ್ರಿ ತನಕ ತೆರೆದಿರುತ್ತಿತ್ತು, ಆದರೆ ಅವಳಿಗೆ ಅದು ಒಂದು ದಿನವೂ ಉಪಯೋಗಕ್ಕೆ ಬರಲಿಲ್ಲ. ಪಾಠ ಕೆಟ್ಟದಾಗಿರಲಿಲ್ಲ. ಅವಳು ಓದಿ ಪಾಸೂ ಆದಳು. ಆದರೆ ಆ ನಾಲ್ಕು ವರ್ಷ ಪ್ರತಿ ಸಂಜೆ ನಮ್ಮ ಅತ್ತಿಗೆ ಫೋನ್ ಹಿಡಿದುಕೊಂಡು ಕೂರುತ್ತಿದ್ದದ್ದು ನನಗೆ ಮರೆಯಲು ಆಗುವುದಿಲ್ಲ. ಸೋಮವಾರ ಸಂಜೆ ಐದಕ್ಕೆ ಆ ಗೇಟಿನಲ್ಲಿ ಅರ್ಧ ಗಂಟೆ ನಿಂತಿದ್ದರೆ ಎಲ್ಲವೂ ಗೊತ್ತಾಗುತ್ತಿತ್ತು.

ಹಾಗಾಗಿ ಒಂದು ಕಾಲೇಜಿಗೆ ಅರ್ಧ ದಿನ ಇಡಿ. ಬೆಳಿಗ್ಗೆ ಹೋದ ಕಾಲೇಜಿನಲ್ಲಿ ಮಕ್ಕಳು ಬರುವುದನ್ನು ನೋಡಿ, ಸಂಜೆ ಹೋದದ್ದರಲ್ಲಿ ಮಕ್ಕಳು ಹೊರಡುವುದನ್ನು ನೋಡಿ.

ಕಟ್ಟಡದ ಬಗ್ಗೆ ಒಂದು ಮಾತು. ಕೆ.ಆರ್. ಸರ್ಕಲ್‌ನ ಯುವಿಸಿಇ ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಕಾಲೇಜು. ಬಸವನಗುಡಿ ಬುಲ್ ಟೆಂಪಲ್ ರಸ್ತೆಯ ಬಿಎಂಎಸ್ ಕಾಲೇಜು 1946ರದ್ದು, ಮೈಸೂರಿನ ಎನ್‌ಐಇ ಕೂಡ ಅದೇ ವರ್ಷದ್ದು. ಅವುಗಳ ಕಟಾಫ್ ತೆಗೆದು ನೋಡಿ. ಒಳ್ಳೆಯ ರ‍್ಯಾಂಕ್ ಬಂದ ಮಕ್ಕಳು ಆ ಹಳೆಯ ಕಾಲೇಜುಗಳಿಗೇ ಹೋಗುತ್ತಾರೆ. ಗಾಜು, ಲಿಫ್ಟ್, ಎಸಿ ಸೆಮಿನಾರ್ ಹಾಲ್ ಇದ್ದರೆ ಬೇಡ ಅನ್ನುವುದಿಲ್ಲ, ಇರಲಿ. ಅದಕ್ಕೆ ಅಂಕ ಕೊಡಬೇಡಿ.

ಮೊದಲು ನೇರ ಡಿಪಾರ್ಟ್‌ಮೆಂಟ್‌ಗೆ ಹೋಗಿ. ಆ ಅಧ್ಯಾಪಕರ ಪಟ್ಟಿ ಈಗ ಹೊರಗೆ ತೆಗೆಯಿರಿ. ಎಐಸಿಟಿಇ ಲೆಕ್ಕದಲ್ಲಿ 20 ಮಕ್ಕಳಿಗೆ ಒಬ್ಬ ಅಧ್ಯಾಪಕರು ಇರಬೇಕು. ಬ್ರಾಂಚ್‌ನಲ್ಲಿ ವರ್ಷಕ್ಕೆ 60 ಸೀಟು ಅಂದರೆ ನಾಲ್ಕು ವರ್ಷಕ್ಕೆ 240 ಮಕ್ಕಳು, ಸುಮಾರು 12 ಅಧ್ಯಾಪಕರು. 180 ಸೀಟಿದ್ದರೆ 36. ಇತ್ತೀಚೆಗೆ ಕಂಪ್ಯೂಟರ್ ಸೈನ್ಸ್‌ಗೆ ಸೀಟು ತುಂಬಾ ಜಾಸ್ತಿ ಮಾಡಿದ್ದಾರೆ, ಸೀಟು ಬೆಳೆದಷ್ಟು ಬೇಗ ಅಧ್ಯಾಪಕರು ಸಿಗುವುದು ಕಷ್ಟ. ಬಾಗಿಲ ಮೇಲಿನ ಹೆಸರಿನ ಫಲಕಗಳನ್ನು ಪಟ್ಟಿಯ ಜೊತೆ ಹೋಲಿಸಿ ನೋಡಿ. ಒಂದಿಬ್ಬರು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಅರ್ಧಕ್ಕರ್ಧ ಹೆಸರು ಕಾಣದಿದ್ದರೆ ಎಚ್‌ಒಡಿಯವರನ್ನು, ಅಂದರೆ ವಿಭಾಗದ ಮುಖ್ಯಸ್ಥರನ್ನು, ಮರ್ಯಾದೆಯಿಂದಲೇ ಕೇಳಿ: "ಸರ್, ಈ ವರ್ಷ ಎರಡನೇ ವರ್ಷದ ಮಕ್ಕಳಿಗೆ ಯಾರು ಯಾರು ಪಾಠ ಮಾಡ್ತಿದ್ದಾರೆ?" ಒಳ್ಳೆಯ ಎಚ್‌ಒಡಿಗಳು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಕೂರಿಸಿ ಹೇಳುತ್ತಾರೆ. ಅಂಥವರನ್ನು ನಾನು ತುಂಬಾ ಜನರನ್ನು ನೋಡಿದ್ದೇನೆ.

ಆಮೇಲೆ ಲ್ಯಾಬ್. ಅಲ್ಲಿರುವ ಲ್ಯಾಬ್ ಇನ್‌ಸ್ಟ್ರಕ್ಟರ್ ಅಥವಾ ಅಟೆಂಡರ್ ಜೊತೆ ಮಾತಾಡಿ, ಅವರು ಸಾಮಾನ್ಯವಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳುವ ಜನ. ಒಂದು ಸಿಸ್ಟಮ್‌ಗೆ ಎಷ್ಟು ಮಕ್ಕಳು ಕೂರುತ್ತಾರೆ? ಎಷ್ಟು ಸಿಸ್ಟಮ್ ಕೆಟ್ಟು ನಿಂತಿವೆ? ಕ್ಲಾಸ್ ಇಲ್ಲದ ಹೊತ್ತಿನಲ್ಲಿ ಮಕ್ಕಳು ಬಂದು ಕೆಲಸ ಮಾಡಬಹುದಾ? ಈ ಕೊನೆಯ ಪ್ರಶ್ನೆ ಮುಖ್ಯ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದ ಮಗುವಿಗೆ ಲ್ಯಾಬ್ ಬಾಗಿಲು ಸಂಜೆ ತೆರೆದಿದೆಯೋ ಇಲ್ಲವೋ ಅನ್ನುವುದು ತುಂಬಾ ದೊಡ್ಡ ವ್ಯತ್ಯಾಸ. ಯಂತ್ರಗಳ ಮೇಲೆ ದೂಳು ಕೂತಿದೆಯಾ, ಗೋಡೆಯ ಮೇಲೆ ಪ್ರಯೋಗಗಳ ಪಟ್ಟಿ ಈಗಿನ ಸಿಲಬಸ್‌ದಾ, ಕಣ್ಣಾಡಿಸಿದರೆ ಗೊತ್ತಾಗುತ್ತದೆ.

ನೋಟಿಸ್ ಬೋರ್ಡ್ ಮುಂದೆ ಐದು ನಿಮಿಷ ನಿಲ್ಲಿ. ಅದು ಕಾಲೇಜಿನ ಡೈರಿ ಇದ್ದಂತೆ. ಇಂಟರ್ನಲ್ಸ್ ಟೈಮ್‌ಟೇಬಲ್, ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿ, ಕಂಪನಿ ಬರುವ ದಿನ, ಯಾರೋ ಮಕ್ಕಳು ಗೆದ್ದ ಬಹುಮಾನ ಇವೆಲ್ಲ ಅಲ್ಲಿ ಇರಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಾಲೇಜುಗಳಲ್ಲಿ ಶೇ. 85 ಹಾಜರಾತಿ ಬೇಕು. ಶಾರ್ಟೇಜ್ ಪಟ್ಟಿ ಹಾಕಿದ್ದಾರೆ ಅಂದರೆ ಹಾಜರಾತಿ ನಿಜವಾಗಿ ತೆಗೆದುಕೊಳ್ಳುತ್ತಾರೆ ಅಂತಾಯಿತು. ಎರಡು ವರ್ಷ ಹಳೆಯ ನೋಟಿಸು ಹಳದಿಯಾಗಿ ನೇತಾಡುತ್ತಿದ್ದರೆ ಅದನ್ನೂ ನೋಡಿಕೊಳ್ಳಿ. ಹಾಗೇ ರ‍್ಯಾಗಿಂಗ್ ತಡೆ ಸಮಿತಿಯ ಹೆಸರು, ಫೋನ್ ನಂಬರ್ ಇರುವ ಬೋರ್ಡ್ ಹುಡುಕಿ. 2009ರ ಯುಜಿಸಿ ನಿಯಮದ ಪ್ರಕಾರ ಅದು ಇರಲೇಬೇಕು. ರಾಷ್ಟ್ರೀಯ ಸಹಾಯವಾಣಿ 1800-180-5522, ಇದನ್ನು ಮಗಳ ಫೋನಿನಲ್ಲಿ ಈಗಲೇ ಸೇವ್ ಮಾಡಿಸಿಬಿಡಿ.

ಇಷ್ಟೂ ಒಂದು ತೂಕ, ಅಲ್ಲಿನ ಮಕ್ಕಳ ಜೊತೆ ಅರ್ಧ ಗಂಟೆ ಕಳೆಯುವುದೇ ಒಂದು ತೂಕ. ಕಾಲೇಜಿನವರು ಜೊತೆಗೆ ಕಳಿಸಿದ ಹುಡುಗ ಬೇಡ. ಕ್ಯಾಂಟೀನ್‌ಗೆ ಹೋಗಿ, ಅಥವಾ ಗೇಟಿನ ಹೊರಗಿನ ಜೆರಾಕ್ಸ್ ಅಂಗಡಿಗೆ, ಟೀ ಅಂಗಡಿಗೆ. ಮೂರನೇ ಸೆಮಿಸ್ಟರ್, ನಾಲ್ಕನೇ ಸೆಮಿಸ್ಟರ್ ಮಕ್ಕಳು ಸಿಕ್ಕರೆ ಒಳ್ಳೆಯದು. ಅವರಿಗೆ ಮೊದಲ ವರ್ಷದ ಕಷ್ಟ ಇನ್ನೂ ನೆನಪಿರುತ್ತದೆ. ಕೊನೆಯ ವರ್ಷದವರು ಆಗಲೇ ಕಾಲೇಜು ಬಿಡುವ ಮನಸ್ಸಿನಲ್ಲಿರುತ್ತಾರೆ, ಒಂದೋ ಎಲ್ಲವನ್ನೂ ಹೊಗಳುತ್ತಾರೆ, ಇಲ್ಲ ಎಲ್ಲವನ್ನೂ ಬೈಯುತ್ತಾರೆ.

ದಯವಿಟ್ಟು ಇಲ್ಲಿ ನೀವು ಒಂದು ಹತ್ತು ಹೆಜ್ಜೆ ದೂರ ಕೂತು ಟೀ ಕುಡಿಯಿರಿ. ಮಗಳೇ ಮಾತಾಡಲಿ. ಅಪ್ಪ ಮುಂದೆ ನಿಂತರೆ ಆ ಮಕ್ಕಳು "ಚೆನ್ನಾಗಿದೆ ಅಂಕಲ್" ಅಂದು ಮುಗಿಸುತ್ತಾರೆ. ಅವಳ ಹತ್ತಿರ ಮಾತ್ರ ಬಿಚ್ಚಿ ಹೇಳುತ್ತಾರೆ. ಕಾಲೇಜು ಹೇಗಿದೆ ಅಂತ ಕೇಳಬೇಡ ಅಂತ ಅವಳಿಗೆ ಹೇಳಿಕೊಡಿ, ಆ ಪ್ರಶ್ನೆಗೆ ಪರವಾಗಿಲ್ಲ ಅನ್ನುವುದನ್ನು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಹೋದ ವಾರ ಎಷ್ಟು ಕ್ಲಾಸ್ ನಡೆಯಲಿಲ್ಲ ಅಂತ ಕೇಳಲಿ. ಈ ಸೆಮಿಸ್ಟರ್‌ನಲ್ಲಿ ನಡುವೆ ಬಿಟ್ಟುಹೋದ ಲೆಕ್ಚರರ್ ಇದ್ದಾರಾ ಅಂತ ಕೇಳಲಿ. ಪಾಠ ಅರ್ಥವಾಗದಿದ್ದರೆ ಯಾರ ಹತ್ತಿರ ಹೋಗ್ತೀರಿ ಅಂತ ಕೇಳಲಿ. ಈ ಪ್ರಶ್ನೆಗೆ ತಟ್ಟನೆ ಒಬ್ಬ ಮೇಷ್ಟರ ಹೆಸರು ಬಂದರೆ ಆ ಕಾಲೇಜಿನಲ್ಲಿ ಜೀವ ಇದೆ. "ಯೂಟ್ಯೂಬ್ ನೋಡ್ತೀವಿ" ಅಂತ ನಾಲ್ಕು ಜನರೂ ಅಂದರೆ, ಆ ಉತ್ತರವನ್ನೂ ಮನೆಗೆ ತೆಗೆದುಕೊಂಡು ಬನ್ನಿ. ಮಗಳು ಕನ್ನಡ ಮಾಧ್ಯಮದಿಂದ ಬಂದವಳಾಗಿದ್ದರೆ, ಅದೇ ದಾರಿಯಲ್ಲಿ ಬಂದ ಹುಡುಗಿಯನ್ನು ಹುಡುಕಿ ಮೊದಲ ಸೆಮಿಸ್ಟರ್ ಹೇಗೆ ದಾಟಿದಳು ಅಂತ ಕೇಳಿ ತಿಳಿಯಲಿ. ಹಾವೇರಿ, ಗದಗ, ಧಾರವಾಡ ಕಡೆಯ ಮಕ್ಕಳು ಯಾವ ಕಾಲೇಜಿನಲ್ಲಾದರೂ ಸಿಕ್ಕೇ ಸಿಗುತ್ತಾರೆ. ನಮ್ಮ ಕಡೆಯ ಮಾತು ಕಿವಿಗೆ ಬಿದ್ದ ಕೂಡಲೇ ಹತ್ತಿರ ಬಂದು ಮಾತಾಡಿಸುತ್ತಾರೆ. ಅಂಥ ಒಬ್ಬಳ ನಂಬರ್ ಸಿಕ್ಕರೆ ಪ್ರಯಾಣದ ಖರ್ಚು ವಸೂಲಾದ ಹಾಗೆ.

ಒಂದು ಭೇಟಿಯಿಂದ ಗೊತ್ತಾಗದ ವಿಷಯಗಳೂ ಇವೆ. ಪಾಠ ಎಷ್ಟು ಆಳವಾಗಿದೆ ಅಂತ ಅರ್ಧ ದಿನದಲ್ಲಿ ಹೇಳಲು ಸಾಧ್ಯವಿಲ್ಲ. ಅವತ್ತು ಮಳೆ ಬಂದು, ಬಸ್ಸು ಸಿಗದೆ, ಹೊಟ್ಟೆ ಹಸಿದಿದ್ದರೆ ಒಳ್ಳೆಯ ಕಾಲೇಜೂ ಕೆಟ್ಟದಾಗಿ ಕಾಣುತ್ತದೆ. ಅದಕ್ಕೇ ಕಟಾಫ್, ಎನ್‌ಬಿಎ, ಪಾಸಾದವರ ಲೆಕ್ಕ ಇವುಗಳಲ್ಲಿ ತುಂಬಾ ಮುಂದಿರುವ ಕಾಲೇಜನ್ನು ಬರೀ ಒಂದು ಭೇಟಿಯ ಬೇಸರಕ್ಕೆ ಕೆಳಗೆ ತಳ್ಳಬೇಡಿ. ಅಂತರ ಸಣ್ಣದಿದ್ದಲ್ಲಿ ಮಾತ್ರ ಕಣ್ಣಿನ ಸಾಕ್ಷಿಗೆ ಬೆಲೆ ಕೊಡಿ. ಇಂಥದ್ದು ಇಷ್ಟ, ಯಾಕೆ ಅಂತ ಗೊತ್ತಿಲ್ಲ ಅಂತ ಮಗಳು ಅಂದರೂ ಗದರಬೇಡಿ. ಎರಡು ಸರಿಸಮ ಕಾಲೇಜುಗಳ ನಡುವೆ ಅವಳ ಇಷ್ಟವೇ ನಿರ್ಧಾರ ಮಾಡಲಿ. ಹಾಗೆ ಸೇರಿದ ಮಕ್ಕಳು ಕಷ್ಟ ಬಂದಾಗಲೂ ಜಾಸ್ತಿ ದಿನ ತಾಳುವುದನ್ನು ನೋಡಿದ್ದೇನೆ.

ಕಾಲೇಜಿನೊಳಗೆ ಅಡ್ಮಿಷನ್ ಕೌಂಟರ್ ಹತ್ತಿರ ಯಾರಾದರೂ ಇವತ್ತೇ ಅಡ್ವಾನ್ಸ್ ಕಟ್ಟಿದರೆ ಸೀಟು ಬ್ಲಾಕ್ ಮಾಡುತ್ತೇವೆ ಅಂತ ಹೇಳಬಹುದು. ಒಂದು ರೂಪಾಯಿಯನ್ನೂ ಕೊಡಬೇಡಿ, ಮೂಲ ಅಂಕಪಟ್ಟಿ ಕೈಬಿಡಬೇಡಿ. ಸಿಇಟಿ ಸೀಟಿನ ಶುಲ್ಕ ಕಟ್ಟುವುದು ಸೀಟು ಹಂಚಿಕೆ ಆದ ಮೇಲೆ, ಕೆಇಎ ಹೇಳಿದ ರೀತಿಯಲ್ಲಿ. ಕ್ಯಾಪಿಟೇಷನ್ ಶುಲ್ಕ, ಅಂದರೆ ಸೀಟಿಗಾಗಿ ನಿಗದಿತ ಶುಲ್ಕಕ್ಕಿಂತ ಹೆಚ್ಚು ವಸೂಲಿ ಮಾಡುವ ಹಣ, ಕರ್ನಾಟಕದಲ್ಲಿ 1984ರ ಕಾಯ್ದೆಯಿಂದಲೇ ನಿಷೇಧ.

ಯಾವಾಗ ಹೋಗಬೇಕು ಅನ್ನುವುದಕ್ಕೆ ನನ್ನ ಸಲಹೆ ಇದು. ರ‍್ಯಾಂಕ್ ಬಂದ ವಾರ ದಾವಣಗೆರೆ. ಆಪ್ಷನ್ ಎಂಟ್ರಿ ಶುರುವಾದಾಗ ಸದ್ಯದ ಅಂದಾಜಿನಲ್ಲಿ ಪಟ್ಟಿ ತುಂಬಿಸಿ. ಆಮೇಲೆ ಅಣಕು ಸೀಟು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್ ಬರುತ್ತದೆ. ಅದು ನಿಜವಾದ ಸೀಟಲ್ಲ, ನಿಮ್ಮ ರ‍್ಯಾಂಕ್ ಎಲ್ಲಿ ನಿಲ್ಲುತ್ತದೆ ಅಂತ ತೋರಿಸುವ ಕನ್ನಡಿ. ಅದು ಬಂದ ಮೇಲೆ ಪಟ್ಟಿ ಬದಲಾಯಿಸಲು ಕೆಲವು ದಿನ ಅವಕಾಶ ಕೊಡುತ್ತಾರೆ. ಬೆಂಗಳೂರಿಗೆ ಹೋಗಲು ಇದೇ ಸರಿಯಾದ ಹೊತ್ತು. ಮಾಕ್‌ನಲ್ಲಿ ಬಂದ ಕಾಲೇಜು, ಪಟ್ಟಿಯಲ್ಲಿ ಅದರ ಮೇಲಿನ ಒಂದು, ಕೆಳಗಿನ ಒಂದು. ಈ ಮೂರನ್ನು ನೋಡಿ ಬಂದು ಕ್ರಮ ಸರಿಮಾಡಿ. ದಿನ ಕಡಿಮೆ ಇರುತ್ತದೆ, ಆದ್ದರಿಂದ ಟಿಕೆಟ್, ಉಳಿಯುವ ಜಾಗ ಮೊದಲೇ ಯೋಚಿಸಿಡಿ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೋದರೆ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ, ನಿಮ್ಮೊಬ್ಬರದ್ದೇ ಟಿಕೆಟ್. ಬಿತ್ತನೆ ಅಷ್ಟರಲ್ಲಿ ಮುಗಿದಿದ್ದರೂ ಮುಗಿದಿರಬಹುದು.

ಮೊದಲ ಸುತ್ತಿನಲ್ಲಿ ಸೀಟು ಬಂದ ಮೇಲೆ ಕೆಇಎ ನಾಲ್ಕು ಆಯ್ಕೆ ಮುಂದಿಡುತ್ತದೆ. ಸೀಟು ಒಪ್ಪಿ ಸೇರುವುದು ಮೊದಲನೆಯದು. ಒಪ್ಪಿಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು ಎರಡನೆಯದು. ಈ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಮೂರನೆಯದು. ಹೊರಗೆ ಬರುವುದು ನಾಲ್ಕನೆಯದು. ಕಾಲೇಜು ನೋಡಿ ಬಂದವರಿಗೆ ಮೊದಲನೆಯದಾ, ಎರಡನೆಯದಾ ಅಂತ ಹೇಳಲು ಎರಡು ನಿಮಿಷ ಸಾಕು. ನೋಡದವರು ರಾತ್ರಿಯೆಲ್ಲ ನಿದ್ದೆಗೆಟ್ಟು ಹತ್ತು ಜನಕ್ಕೆ ಫೋನ್ ಮಾಡುತ್ತಿರುತ್ತಾರೆ.

ಈಗ ನಿಮ್ಮ ಕೊನೆಯ ಪ್ರಶ್ನೆ, ತಾಯಿ ಬರಬೇಕಾ ಅಂತ. ಬರಲೇಬೇಕು. ಮಗಳ ಜೊತೆ ನಿಮ್ಮಿಬ್ಬರಲ್ಲಿ ಒಬ್ಬರಿಗೆ ಮಾತ್ರ ಹೋಗಲು ಅನುಕೂಲ ಇದ್ದರೆ ನೀವು ಹೊಲದಲ್ಲಿ ಉಳಿದು ಅವರನ್ನು ಕಳಿಸಿ ಅಂತಲೇ ಹೇಳುತ್ತೇನೆ. ಕಾರಣ ಸರಳ. ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಅಪ್ಪಂದಿರನ್ನು ವಿಸಿಟರ್ಸ್ ರೂಮಿನ ಆಚೆ ಬಿಡುವುದಿಲ್ಲ. ನೀವು ಅಲ್ಲಿ ಕುರ್ಚಿಯ ಮೇಲೆ ಕೂತಿರುತ್ತೀರಿ. ನೋಡಬೇಕಾದದ್ದೆಲ್ಲ ಒಳಗಿದೆ. ವಾರ್ಡನ್ ಅಲ್ಲೇ ಉಳಿಯುತ್ತಾರಾ, ರಾತ್ರಿ ಮನೆಗೆ ಹೋಗುತ್ತಾರಾ? ಒಂದು ರೂಮಿಗೆ ಎಷ್ಟು ಮಂಚ? ಎಷ್ಟು ಜನಕ್ಕೆ ಒಂದು ಬಚ್ಚಲು, ಬೆಳಿಗ್ಗೆ ಏಳಕ್ಕೆ ನೀರು ಬರುತ್ತದಾ, ಸೋಲಾರ್ ಮಳೆಗಾಲದಲ್ಲಿ ಕೈಕೊಟ್ಟಾಗ ಬಿಸಿನೀರಿಗೆ ಏನು ಮಾಡುತ್ತಾರೆ? ಬಟ್ಟೆ ಒಣಗಿಸಲು ಜಾಗ ಎಲ್ಲಿ? ಪ್ಯಾಡ್ ಬಿಸಾಡಲು ವ್ಯವಸ್ಥೆ ಇದೆಯಾ? ಬಾಗಿಲ ಚಿಲಕ ಗಟ್ಟಿ ಇದೆಯಾ? ರಾತ್ರಿ ಹುಷಾರಿಲ್ಲದಿದ್ದರೆ ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೆ? ನಮಗೆ ಗಂಡಸರಿಗೆ ಇದರಲ್ಲಿ ಅರ್ಧ ಹೊಳೆಯುವುದೂ ಇಲ್ಲ. ಅವರಿಗೆ ಒಳಗೆ ಕಾಲಿಟ್ಟ ಕೂಡಲೇ ಕಾಣುತ್ತದೆ.

ಸಾಧ್ಯವಾದರೆ ಮೆಸ್‌ನಲ್ಲಿ ಒಂದು ಊಟ ಮಾಡಿಸಿ, ಗೆಸ್ಟ್ ಕೂಪನ್ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ರೊಟ್ಟಿ ಉಂಡು ಬೆಳೆದ ಹುಡುಗಿಗೆ ಮೂರು ಹೊತ್ತೂ ಅನ್ನ, ಇಡ್ಲಿ ಅಂದರೆ ಮೊದಲ ತಿಂಗಳು ಕಷ್ಟ. ಅದಕ್ಕಾಗಿ ಕಾಲೇಜು ಬಿಡಬೇಕಿಲ್ಲ, ಡಬ್ಬಿ ತುಂಬಾ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದರಾಯಿತು. ಆದರೆ ಹಾಗೆ ಕಳಿಸಿದ್ದನ್ನು ಇಟ್ಟುಕೊಳ್ಳಲು ರೂಮಿನಲ್ಲಿ ಕಪಾಟು ಇದೆಯಾ, ಇಲಿ ಕಾಟ ಇದೆಯಾ ಅಂತ ಅಲ್ಲಿನ ಹುಡುಗಿಯರನ್ನು ನಿಮ್ಮ ಮಗಳ ತಾಯಿಯೇ ಕೇಳಲಿ.